ಅಲ್ಲಾಡದೆ ದುಡಿಯುವ ಮೈ: ಬೈಕಿನ ದೂರ ಪ್ರಯಾಣ ಮತ್ತು ಮೈಕೈ ನೋವು

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಆಗುಂಬೆಗೆ ಇನ್ನೊಂದು 30. ಬೈಕ್ ಓಡಿಸುವವರು ಈ ದಾರಿಯುದ್ದಕ್ಕೂ ಸುಮ್ಮನೆ ಕುಳಿತಿರುತ್ತಾರೆ ಎಂದೇ ನೋಡುವವರಿಗೆ ಅನ್ನಿಸುತ್ತದೆ. ಆದರೆ ಆಗುಂಬೆಯಲ್ಲಿ ಸ್ಟ್ಯಾಂಡ್ ಹಾಕಿ ಇಳಿದಾಗ ಸೊಂಟ ನೆಟ್ಟಗಾಗಲು ಒಪ್ಪುವುದಿಲ್ಲ, ಕತ್ತು ತಿರುಗುವುದಿಲ್ಲ, ಕಿರುಬೆರಳಿಗೆ ಜೋಮು ಹಿಡಿದಿರುತ್ತದೆ. ಇದೇ ದಾರಿಯ ಅಕ್ಕಪಕ್ಕದ ತೋಟಗಳಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗಾರ ನಮಗಿಂತ ಎಷ್ಟೋ ಪಾಲು ಹೆಚ್ಚು ದುಡಿಯುತ್ತಾನೆ. ಆದರೆ ಅವನ ದುಡಿಮೆಯಲ್ಲಿ ಸ್ನಾಯುಗಳು ಬಿಗಿಯುತ್ತವೆ, ಸಡಿಲಗೊಳ್ಳುತ್ತವೆ, ಮತ್ತೆ ಬಿಗಿಯುತ್ತವೆ. ಬೈಕ್ ಸವಾರನ ಸ್ನಾಯುಗಳು ಬಿಗಿದದ್ದು ಬಿಗಿದಂತೆಯೇ ಇರುತ್ತವೆ. ದೂರದ ಸವಾರಿಯ ನೋವಿಗೆ ದುಡಿಮೆಗಿಂತ ಹೆಚ್ಚಾಗಿ ಈ ಅಲುಗಾಡದ ಸ್ಥಿತಿಯೇ ಕಾರಣ ಎಂಬುದನ್ನು ಅರಿತರೆ, ಅದನ್ನು ತಡೆಯುವ ದಾರಿಗಳೂ ಬಹುಮಟ್ಟಿಗೆ ತಾವಾಗಿಯೇ ಹೊಳೆಯುತ್ತವೆ.

ಬಾವಿಯಿಂದ ಇಪ್ಪತ್ತು ಕೊಡ ನೀರು ಸೇದಬಲ್ಲವರು ಕೂಡ ಒಂದೇ ಒಂದು ತುಂಬಿದ ಕೊಡವನ್ನು ಕೈ ಚಾಚಿ ಎರಡು ನಿಮಿಷ ಹಿಡಿದು ನಿಲ್ಲಲಾರರು. ಸ್ನಾಯು ಬಿಗಿಯುವಾಗ ಅದರೊಳಗಿನ ಒತ್ತಡ ಏರಿ, ನಡುವೆ ಹಾದುಹೋಗುವ ಸಣ್ಣ ರಕ್ತನಾಳಗಳು ಅದುಮಲ್ಪಡುತ್ತವೆ. ಸ್ನಾಯು ಸಡಿಲಗೊಂಡಾಗ ಮಾತ್ರ ಹೊಸ ರಕ್ತ ನುಗ್ಗಿ ಆಮ್ಲಜನಕವನ್ನು ತರುತ್ತದೆ, ಕಲ್ಮಶಗಳನ್ನು ಒಯ್ಯುತ್ತದೆ. ಸಡಿಲಗೊಳ್ಳದ ಸ್ನಾಯುವಿಗೆ ಈ ಅವಕಾಶವೇ ಇಲ್ಲ. ಜರ್ಮನಿಯ ವಾಲ್ಟರ್ ರೋಮೆರ್ಟ್ 1960ರಲ್ಲಿ ಇದನ್ನು ಅಳೆದು ತೋರಿಸಿದರು: ಒಂದು ಸ್ನಾಯು ತನ್ನ ಪೂರ್ಣ ಬಲದ ಅರ್ಧದಷ್ಟನ್ನು ಹಾಕಿ ನಿಂತರೆ ಸುಮಾರು ಒಂದು ನಿಮಿಷದಲ್ಲಿ ಸೋಲುತ್ತದೆ. ಬಲ ಶೇಕಡಾ 15ಕ್ಕಿಂತ ಕಡಿಮೆಯಿದ್ದರೆ ಬಹಳ ಹೊತ್ತು ತಾಳಬಲ್ಲದು ಎಂದು ಅವರು ಭಾವಿಸಿದ್ದರು. ಗಂಟೆಗಟ್ಟಲೆ ನಡೆಯುವ ಕೆಲಸಕ್ಕೆ ಆ ಮಿತಿಯೂ ಹೆಚ್ಚಾಯಿತೆಂದು ನಂತರದ ಸಂಶೋಧಕರು ಕಂಡುಕೊಂಡರು. ಹ್ಯಾಂಡಲ್ ಹಿಡಿದ ಮುಂಗೈ, ತಲೆಯನ್ನು ಎತ್ತಿ ಹಿಡಿದ ಕತ್ತು, ಮುಂದಕ್ಕೆ ವಾಲಿದ ಮೈಯನ್ನು ತಡೆದು ನಿಲ್ಲಿಸಿದ ಬೆನ್ನು, ಇವೆಲ್ಲ ಹಾಕುವ ಬಲ ಸಣ್ಣದೇ ಇರಬಹುದು. ಅದಕ್ಕೆ ಬಿಡುವಿಲ್ಲದಿರುವುದೇ ತೊಂದರೆ.

ಇಂಥ ನೋವಿಗೆಲ್ಲ ಸ್ನಾಯುಗಳಲ್ಲಿ ಉಳಿದ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ನಂಬಿಕೆ ಇನ್ನೂ ಬಲವಾಗಿದೆ. ಅದು ಸರಿಯಲ್ಲ. ದುಡಿಮೆ ನಿಂತ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿನ ಲ್ಯಾಕ್ಟೇಟ್ (ಮೈಯೊಳಗೆ ಆ ಆಮ್ಲ ಇರುವ ರೂಪ) ತನ್ನ ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ಮರುದಿನ ಶುರುವಾಗಿ ಎರಡನೆಯ ಅಥವಾ ಮೂರನೆಯ ದಿನ ಹೆಚ್ಚಾಗುವ ನೋವು ಬೇರೆ ಬಗೆಯದು. ಥಿಯೋಡೋರ್ ಹಫ್ ಎಂಬ ಅಮೆರಿಕದ ವಿಜ್ಞಾನಿ 1902ರಲ್ಲಿಯೇ ಅದಕ್ಕೆ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿದುಹೋಗುವುದು ಕಾರಣವಿರಬೇಕೆಂದು ಸೂಚಿಸಿದ್ದರು. ಅಭ್ಯಾಸವಿಲ್ಲದವರು ಇಡೀ ದಿನ ಘಾಟಿಯ ತಿರುವುಗಳಲ್ಲಿ ಮೈಯನ್ನು ತಡೆಹಿಡಿದು ಓಡಿಸಿದರೆ ಈ ಬಗೆಯ ನೋವೂ ಸೇರಿಕೊಳ್ಳುತ್ತದೆ. ಆದ್ದರಿಂದ ವರ್ಷವಿಡೀ ಪೇಟೆಯೊಳಗೆ ಮೂರು ನಾಲ್ಕು ಕಿಲೋಮೀಟರ್ ಓಡಾಡುವವರು ಒಮ್ಮೆಲೇ 300 ಕಿಲೋಮೀಟರಿಗೆ ಹೊರಡುವ ಬದಲು, ಕೆಲವು ವಾರ ದೂರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಕೈಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಿಮಿಷಕ್ಕೆ 4,500 ಸುತ್ತು ತಿರುಗುವ ಎಂಜಿನ್ ಸೆಕೆಂಡಿಗೆ 75 ಬಾರಿ ನಡುಗುತ್ತದೆ, ಆ ನಡುಕ ಹ್ಯಾಂಡಲಿನ ಮೂಲಕ ಅಂಗೈಯನ್ನು ಮುಟ್ಟುತ್ತದೆ. ಸ್ನಾಯುವಿಗೆ ಇಂಥ ನಡುಕ ತಗುಲಿದರೆ ಅದು ನಮ್ಮ ಅರಿವಿಗೆ ಬಾರದಂತೆಯೇ ಬಿಗಿದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಹಾಗ್ಬಾರ್ತ್ ಮತ್ತು ಎಕ್ಲುಂಡ್ 1966ರಲ್ಲಿ ವಿವರಿಸಿದರು. ಅಂದರೆ ಹ್ಯಾಂಡಲ್ ನಡುಗಿದಷ್ಟೂ ನಮ್ಮ ಹಿಡಿತ ಬಿಗಿಯಾಗುತ್ತದೆ, ಹಿಡಿತ ಬಿಗಿಯಾದಷ್ಟೂ ನಡುಕ ತೋಳಿಗೆ ಹೆಚ್ಚಾಗಿ ಏರುತ್ತದೆ. ಈ ಸುತ್ತನ್ನು ಬೇಕೆಂದೇ ಮುರಿಯಬೇಕು. ಎಳೆ ವೀಳ್ಯದೆಲೆಯ ಕಟ್ಟನ್ನು ನಲುಗದಂತೆ ಹಿಡಿಯುವಷ್ಟೇ ಬಿಗಿ ನೇರ ರಸ್ತೆಯಲ್ಲಿ ಸಾಕು. ಮೊಣಕೈ ಕೊಂಚ ಬಾಗಿರಲಿ. ಅಂಗೈಯ ಕಿರುಬೆರಳಿನ ಬದಿಯ ಬುಡದಲ್ಲಿ ಹಾದುಹೋಗುವ ನರದ ಮೇಲೆ ಭಾರ ಬೀಳುವುದರಿಂದಲೇ ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿಯುತ್ತವೆ. ಮೈಯ ಭಾರವನ್ನು ಅಂಗೈಯ ಮೇಲೆ ಊರದೆ, ಮಂಡಿಗಳಿಂದ ಪೆಟ್ರೋಲ್ ಟ್ಯಾಂಕನ್ನು ಮೆಲ್ಲಗೆ ಒತ್ತಿ ಹಿಡಿದರೆ ಆ ನರಕ್ಕೆ ಬಿಡುವು ಸಿಗುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಬ್ರೇಕ್ ಹಿಡಿದಾಗಲೆಲ್ಲ ಮೈ ಮುಂದಕ್ಕೆ ಜಾರುವುದರಿಂದ, ಅಲ್ಲಿ ಇದರ ಪ್ರಯೋಜನ ಕೂಡಲೇ ತಿಳಿಯುತ್ತದೆ.

ಎರಡು ವರ್ಷ ನನ್ನ ಎಡ ಮಣಿಕಟ್ಟು ನೋಯುತ್ತಿತ್ತು. ಅದಕ್ಕೆ ಎಣ್ಣೆ ತಿಕ್ಕಿದೆ, ಪಟ್ಟಿ ಕಟ್ಟಿದೆ. ಕೊನೆಗೆ ಶಿವಮೊಗ್ಗದ ಮೆಕ್ಯಾನಿಕ್ ಒಬ್ಬರು ನನ್ನನ್ನು ಬೈಕಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿ ಕೈ ಚಾಚಲು ಹೇಳಿದರು. ನನ್ನ ಬೆರಳುಗಳು ಕ್ಲಚ್ ಲಿವರಿಗಿಂತ ಎರಡು ಬೆರಳಿನಷ್ಟು ಕೆಳಗೆ ಬಂದು ನಿಂತವು. ಅವರು ಹತ್ತರ ಸ್ಪ್ಯಾನರಿನಿಂದ ಲಿವರಿನ ಬೋಲ್ಟನ್ನು ಸಡಿಲಿಸಿ, ಲಿವರನ್ನು ಕೆಳಕ್ಕೆ ತಿರುಗಿಸಿ, ಮುಂಗೈ, ಮಣಿಕಟ್ಟು ಮತ್ತು ಬೆರಳುಗಳು ಒಂದೇ ಗೆರೆಗೆ ಬಂದ ಮೇಲೆ ಮತ್ತೆ ಬಿಗಿದರು. ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಮುಂದಿನ ಸಾಗರದ ಪ್ರಯಾಣದಲ್ಲಿ ಮಣಿಕಟ್ಟಿನ ನೆನಪೇ ಬರಲಿಲ್ಲ. ಪ್ರತಿ ಬಾರಿ ಕ್ಲಚ್ ಹಿಡಿಯುವಾಗಲೂ ಮಣಿಕಟ್ಟು ಮೇಲಕ್ಕೆ ಮಡಿಚುತ್ತಿದ್ದರೆ, ದಿನಕ್ಕೆ ನೂರಾರು ಬಾರಿ ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಕಿರಿದಾದ ದಾರಿಯಲ್ಲಿ ಉಜ್ಜಿಕೊಳ್ಳುತ್ತವೆ. ಬೈಕ್ ಷೋರೂಮಿನಿಂದ ಬಂದ ಹಾಗೆಯೇ ಎಲ್ಲರ ಅಳತೆಗೂ ಹೊಂದುವುದಿಲ್ಲ. ದುಬಾರಿ ಸೀಟ್ ಕವರ್ ಕೊಳ್ಳುವ ಮೊದಲು ಲಿವರ್, ಗೇರ್ ಪೆಡಲ್, ಬ್ರೇಕ್ ಪೆಡಲ್‌ಗಳ ಎತ್ತರವನ್ನು ನಮ್ಮ ಮೈಗೆ ಹೊಂದಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕತ್ತಿನ ಮೇಲೆ ತಲೆಯದೇ ಸುಮಾರು 5 ಕಿಲೋ ಭಾರ, ಹೆಲ್ಮೆಟ್ಟಿನದು ಒಂದರಿಂದ ಒಂದೂವರೆ ಕಿಲೋ. ಇದರ ಜೊತೆಗೆ ಗಾಳಿಯ ಒತ್ತಡವಿದೆ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 60ರ ಬದಲು 80 ಕಿಲೋಮೀಟರ್ ವೇಗದಲ್ಲಿ ಹೋದರೆ ಎದೆಗೂ ಹೆಲ್ಮೆಟ್ಟಿಗೂ ಬೀಳುವ ಗಾಳಿಯ ಬಲ ಸುಮಾರು ಮುಕ್ಕಾಲು ಪಾಲು ಹೆಚ್ಚಾಗುತ್ತದೆ. ಹೆಲ್ಮೆಟ್ ಸಡಿಲವಿದ್ದರೆ ಗಾಳಿ ಅದನ್ನು ಅಲ್ಲಾಡಿಸುತ್ತದೆ, ಕತ್ತು ಅದರೊಡನೆ ಗುದ್ದಾಡುತ್ತಲೇ ಇರಬೇಕಾಗುತ್ತದೆ.

ಇನ್ನು ಬೆನ್ನು. ಬೆನ್ನುಮೂಳೆಯ ನಡುವಿನ 23 ಮೆತ್ತೆಗಳಿಗೆ ರಕ್ತದ ಪೂರೈಕೆ ಇಲ್ಲವೆನ್ನುವಷ್ಟು ಕಡಿಮೆ. ಭಾರ ಬಿದ್ದಾಗ ಅವುಗಳಿಂದ ದ್ರವ ಹೊರಹೋಗುತ್ತದೆ, ಭಾರ ಇಳಿದಾಗ ಮತ್ತೆ ಒಳಬರುತ್ತದೆ. ಮಲಗಿ ಎದ್ದ ಬೆಳಿಗ್ಗೆ ನಮ್ಮ ಎತ್ತರ ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿರುವುದು ಇದರಿಂದಲೇ. ಒಂದೇ ಭಂಗಿಯಲ್ಲಿ ಕುಳಿತರೆ ಈ ಒಳಹರಿವು ನಡೆಯುವುದಿಲ್ಲ. ಇದರ ಮೇಲೆ ರಸ್ತೆಯ ಕುಲುಕಾಟ ಸೇರುತ್ತದೆ. ಕುಳಿತ ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿಯ ಮೇಲುಕೆಳಗಿನ ಅಲುಗಾಟಕ್ಕೆ ಅತಿ ಹೆಚ್ಚು ಸ್ಪಂದಿಸುತ್ತದೆ, ಮಳೆಗಾಲ ಮುಗಿದಾಗಿನ ನಮ್ಮ ಗುಂಡಿ ರಸ್ತೆಗಳಲ್ಲಿ ಇಂಥ ಅಲುಗಾಟಕ್ಕೆ ಕೊರತೆಯಿಲ್ಲ. ಟೈರಿನ ಗಾಳಿ ಹೆಚ್ಚಾಗಿದ್ದರೆ ಪೆಟ್ಟೆಲ್ಲ ಸೊಂಟಕ್ಕೇ ಬರುತ್ತದೆ. ಟೈರ್ ತಣ್ಣಗಿರುವಾಗ, ಬೈಕಿನ ಕೈಪಿಡಿ ಹೇಳಿದಷ್ಟೇ ಗಾಳಿ ಹಾಕಿಸಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವುದಾದರೆ ಹಿಂಬದಿಯ ಶಾಕ್ ಅಬ್ಸಾರ್ಬರನ್ನು ಒಂದೆರಡು ಹಲ್ಲು ಬಿಗಿ ಮಾಡಿಸಬೇಕು. ಹಂಪ್ ಅಥವಾ ಗುಂಡಿ ಮುಂಚೆಯೇ ಕಂಡರೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ಎರಡು ಬೆರಳಿನಷ್ಟು ಏಳುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಆಗ ತೊಡೆ ಮತ್ತು ಮೀನಖಂಡದ ಸ್ನಾಯುಗಳೇ ಪೆಟ್ಟನ್ನು ನುಂಗಿಕೊಳ್ಳುತ್ತವೆ.

ಮಂಡಿಗೆ ಬೇಕಾದದ್ದು ಇಷ್ಟೇ: ಬಹಳ ಹೊತ್ತು ಮಡಿಚಿದ ಮಂಡಿಯಲ್ಲಿ ಚಿಪ್ಪಿನ ಹಿಂಭಾಗದ ಒತ್ತಡ ಕಡಿಮೆಯಾಗುವುದೇ ಇಲ್ಲವಾದ್ದರಿಂದ ಆಗಾಗ ಇಳಿದು ಅದನ್ನು ನೇರ ಮಾಡಬೇಕು.

ಆದ್ದರಿಂದ ನಿಲುಗಡೆಯೇ ಮುಖ್ಯ ಮದ್ದು. ಮುಕ್ಕಾಲು ಗಂಟೆಗೊಮ್ಮೆ, ನೋವು ಶುರುವಾಗುವ ಮೊದಲೇ ನಿಲ್ಲಿಸಬೇಕು. ತೀರ್ಥಹಳ್ಳಿಯ ದಾರಿಯಲ್ಲಿ ಮಂಡಗದ್ದೆ ಸುಮಾರು 30 ಕಿಲೋಮೀಟರಿಗೆ ಸಿಗುತ್ತದೆ. ಮಳೆಗಾಲದಲ್ಲಿ ಅಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ, ನೋಡುತ್ತ ಐದು ನಿಮಿಷ ನಡೆದಾಡಲು ಅದಕ್ಕಿಂತ ಒಳ್ಳೆಯ ಜಾಗ ಬೇಡ. ಬೈಕಿನ ಮೇಲೆಯೇ ಕುಳಿತು ಮೊಬೈಲ್ ನೋಡಿದರೆ ಅದು ನಿಲುಗಡೆಯಲ್ಲ. ಇಳಿದು ನಡೆಯಬೇಕು, ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗಬೇಕು, ಹೆಗಲು ತಿರುಗಿಸಬೇಕು, ಮುಷ್ಟಿ ಬಿಗಿದು ಬಿಡಬೇಕು, ನೀರು ಕುಡಿಯಬೇಕು. ಮೈ ಎಳೆದು ಸೆಟೆಸುವ ವ್ಯಾಯಾಮದಿಂದ ಮರುದಿನದ ನೋವು ತಪ್ಪುತ್ತದೆಂದು ಮಾತ್ರ ನೆಚ್ಚಬಾರದು. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2011ರಲ್ಲಿ 12 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅದರ ಲಾಭ ಗಣನೆಗೆ ಬಾರದಷ್ಟು ಸಣ್ಣದೆಂದು ಕಂಡಿತು. ನಿಲುಗಡೆಯಲ್ಲಿ ಅದರ ಉಪಯೋಗವಿರುವುದು ಸಿಕ್ಕಿಕೊಂಡ ಭಂಗಿಯನ್ನು ಬದಲಿಸುವುದರಲ್ಲಿ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಒದ್ದೆ ಬಟ್ಟೆಗೆ ಗಾಳಿ ಬಡಿದಾಗ ಮೈಯ ಬಿಸಿ ಬೇಗನೆ ಹೋಗುತ್ತದೆ, ತಣ್ಣಗಾದ ಸ್ನಾಯುಗಳು ಸೆಡೆತುಕೊಳ್ಳುತ್ತವೆ, ಬೆರಳುಗಳ ನರಗಳಲ್ಲಿ ಸಂದೇಶ ನಿಧಾನವಾಗುತ್ತದೆ. ರೈನ್‌ಕೋಟಿನ ಗುಂಡಿ ಬಿಚ್ಚಲು ಬೆರಳು ಬಾಗದಿದ್ದರೆ ಬ್ರೇಕ್ ಹಿಡಿಯುವಾಗಲೂ ಅದು ಬಾಗುವುದಿಲ್ಲ. ಕೈಗವಸು ಮತ್ತು ಒಂದು ಜೊತೆ ಒಣ ಬಟ್ಟೆ ಇಟ್ಟುಕೊಳ್ಳದೆ ಆಷಾಢದಲ್ಲಿ ಘಾಟಿಯ ಕಡೆ ಹೋಗಬಾರದು.

ಊರು ತಲುಪಿದೊಡನೆ ಹಿಂದೆ ಕಟ್ಟಿದ ಮೂಟೆಯನ್ನು ಬಗ್ಗಿ ಎತ್ತಬೇಡಿ. ಬಹಳ ಹೊತ್ತು ಬಾಗಿದ ಬೆನ್ನಿನ ಅಸ್ಥಿರಜ್ಜುಗಳು (ಮೂಳೆಯಿಂದ ಮೂಳೆಗೆ ಕಟ್ಟಿದ ಪಟ್ಟಿಗಳು) ಹಿಗ್ಗಿ ಸಡಿಲವಾಗಿರುತ್ತವೆ. ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಬ್ರೌನ್ 1992ರಲ್ಲಿ ಜನರನ್ನು 20 ನಿಮಿಷ ಪೂರ್ತಿ ಬಾಗಿಸಿ ಕೂರಿಸಿ ಅಳೆದಾಗ, ಎದ್ದ ಎರಡು ನಿಮಿಷಗಳ ನಂತರವೂ ಆ ಹಿಗ್ಗುವಿಕೆಯ ಅರ್ಧದಷ್ಟು ಮಾತ್ರ ಕಡಿಮೆಯಾಗಿತ್ತು. ಮೊದಲು ಅಂಗಳದಲ್ಲಿ ಹತ್ತು ನಿಮಿಷ ನಡೆದಾಡಿ, ಆಮೇಲೆ ಹಗ್ಗ ಬಿಚ್ಚಿ. ಹಂಡೆಯ ಬಿಸಿನೀರಿನ ಸ್ನಾನ ಸ್ನಾಯುಗಳ ಬಿಗಿತವನ್ನು ತಗ್ಗಿಸುತ್ತದೆ. ಹೊರಡುವ ಮೊದಲೇ ನೋವಿನ ಮಾತ್ರೆ ನುಂಗುವ ಅಭ್ಯಾಸ ಮಾತ್ರ ಬೇಡವೇ ಬೇಡ: ಇಳಿದು ನಡೆಯಬೇಕೆಂದು ಮೈ ಹೇಳುವ ಮಾತನ್ನೇ ಅದು ಅಡಗಿಸುತ್ತದೆ, ನೀರು ಕಡಿಮೆ ಕುಡಿದ ದಿನ ಇಂಥ ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೂ ಕೆಡುಕು ಮಾಡುತ್ತವೆ.

ಸಾಮಾನ್ಯವಾದ ಮೈಕೈ ನೋವು ಮೂರು ನಾಲ್ಕು ದಿನಗಳಲ್ಲಿ ಇಳಿಯುತ್ತದೆ. ಸೊಂಟದಿಂದ ಹೊರಟು ಮಂಡಿಯ ಕೆಳಗಿನವರೆಗೂ ಎಳೆಯುವ ನೋವು, ವಾರ ಕಳೆದರೂ ಬಿಡದ ಬೆರಳಿನ ಜೋಮು, ಕೈಯಿಂದ ಲೋಟ ಜಾರುವಂಥ ಬಲಹೀನತೆ ಕಂಡರೆ ವೈದ್ಯರಿಗೆ ತೋರಿಸಬೇಕು. ಬೆನ್ನುನೋವಿನ ಜೊತೆಗೆ ಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಗಳ ಸಂದಿ ಮರಗಟ್ಟಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಬೈಕಿನಲ್ಲಲ್ಲ, ಬೇರೆಯವರು ಓಡಿಸುವ ವಾಹನದಲ್ಲಿ.