ಮಾಯಾ ಪಾತ್ರೆಯ ಮೇಲೆ ಕುಣಿಯುವ ಜಾಗ್ವಾರ್ ಯಾರು?

1962ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ, ಪ್ರಾಚೀನ ಮಾಯಾ ಜನರ ನೆಲೆಯಾದ ಆಲ್ತಾರ್ ದೆ ಸ್ಯಾಕ್ರಿಫಿಸಿಯೋಸ್‌ನಲ್ಲಿ, ಎರಡು ನದಿಗಳು ಕೂಡುವ ಕಡೆ, ಹಾರ್ವರ್ಡ್‌ನ ತಂಡ ಸಮಾಧಿಯೊಂದರಿಂದ ಬಣ್ಣದ ಪಾತ್ರೆಯನ್ನು ಹೊರತೆಗೆಯಿತು. ಉದ್ದ ಲೋಟದಂಥ ಆಕಾರ. ಮೇಲೆ ಬರೆದ ತಾರೀಖು ನಮ್ಮ ಲೆಕ್ಕಕ್ಕೆ ಕ್ರಿ.ಶ. 754. ಮಾಯಾ ಕುಂಬಾರರಿಗೆ ತಿಗರಿ ಇರಲಿಲ್ಲ. ಕೈಯಲ್ಲೇ ಎಬ್ಬಿಸಿದ ಆ ಮೈಯ ಸುತ್ತ ಆರು ಆಕೃತಿಗಳಿವೆ. ಒಬ್ಬ, ಚಿರತೆಯಂಥ ಮೃಗವಾದ ಜಾಗ್ವಾರ್‌ನ ಚರ್ಮದ ಚಲ್ಲಣ ತೊಟ್ಟು ಕುಣಿಯುತ್ತಾನೆ. ಇನ್ನೊಬ್ಬನ ಕುಣಿತ ದಪ್ಪ ಹಾವಿನೊಂದಿಗೆ.

ಇವರೆಲ್ಲ ಸಾವಿನ ಮನೆಗೆ ದೂರದೂರದಿಂದ ಬಂದ ಅರಸುಮಕ್ಕಳು ಎಂದರು ಪುರಾತತ್ವಜ್ಞ ರಿಚರ್ಡ್ ಆಡಮ್ಸ್. 1973ರಲ್ಲಿ ಮಾಯಾ ವಿದ್ವಾಂಸ ಮೈಕೇಲ್ ಕೋ ಬೇರೆಯೇ ದಾರಿ ಹಿಡಿದರು. ಇಂಥ ಪಾತ್ರೆಗಳು ಗೋರಿಗೆಂದೇ ಮಾಡಿದವು, ಚಿತ್ರಗಳು ಪಾತಾಳಲೋಕದವು ಎಂಬುದು ಅವರ ವಾದ. ಅಂಚಿನ ಬರಹ ಪಾತ್ರೆಯಿಂದ ಪಾತ್ರೆಗೆ ಮರುಕಳಿಸುವುದನ್ನು ಗುರುತಿಸಿದವರೂ ಅವರೇ. ಆದರೆ ಮುಂದೆ ಆ ಬರಹವನ್ನು ಓದಿದಾಗ ಸಿಕ್ಕಿದ್ದು ಶೋಕಗೀತೆಯಲ್ಲ. ‘ಇಂಥವರು ಕಕಾವ್ ಕುಡಿಯುವ ಪಾತ್ರೆ’ ಎಂಬ ಒಡೆತನದ ಮಾತು. ಕಕಾವ್ ಎಂದರೆ ಕೋಕೋ.

ನಿಜವಾದ ತಿರುವು 1989ರದು. ಅರ್ಧ ಮುಖಕ್ಕೆ ಜಾಗ್ವಾರ್ ಚರ್ಮ ಹೊದಿಸಿದ ಒಂದು ಅಕ್ಷರವನ್ನು ಮಾಯಾ ಲಿಪಿತಜ್ಞರಾದ ಸ್ಟೀಫನ್ ಹ್ಯೂಸ್ಟನ್ ಮತ್ತು ಡೇವಿಡ್ ಸ್ಟುವರ್ಟ್ ‘ವಾಯ್’ ಎಂದು ಓದಿದರು. ನಿಕೊಲಾಯ್ ಗ್ರೂಬ್ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ್ದರು. ಮಾಯಾ ಭಾಷೆಗಳಲ್ಲಿ ಈ ಪದಕ್ಕೆ ನಿದ್ದೆ, ಕನಸುಗಳ ನಂಟಿದೆ. ಪಾತ್ರೆಗಳಲ್ಲಿ ಈ ಅಕ್ಷರವಿರುವ ಕಡೆ ಪ್ರಾಣಿಯ ಪಕ್ಕದಲ್ಲಿ ಅದರ ಹೆಸರು, ಜೊತೆಗೆ ಅದು ಯಾವ ರಾಜ್ಯದ ಒಡೆಯನದೆಂಬ ವಿವರ! ಅರಸ ಮಲಗಿದಾಗ ಹೊರಗೆ ಸುಳಿದಾಡುವ ಅವನದೇ ಇನ್ನೊಂದು ಜೀವ ಈ ವಾಯ್. ಆಲ್ತಾರ್ ಪಾತ್ರೆಯ ಕುಣಿಯುವವರೂ ಇಂಥ ವಾಯ್‌ಗಳೇ, ಸಾವಿನ ಮನೆಗೆ ಬಂದ ನೆಂಟರಲ್ಲ. ಕೆಲವು ಹೆಸರುಗಳಲ್ಲಿ ಸಾವು, ರೋಗಗಳ ಸುಳಿವು ಕಂಡ ಮೇಲೆ, ಇವು ಶತ್ರುವಿನ ಮೇಲೆ ಬಿಡುವ ಪೀಡೆಗಳೂ ಆಗಿದ್ದವೆಂದು ವಿದ್ವಾಂಸರು ಹೇಳತೊಡಗಿದರು. ನನಗೆ ಇದು ಒಪ್ಪಿಗೆಯಾಗುತ್ತದೆ: ಔತಣದಲ್ಲಿ ಅಂಥ ಲೋಟವನ್ನು ಕೈಗೆತ್ತಿಕೊಂಡ ಅತಿಥಿಗೆ ಆತಿಥೇಯನ ಬಲ ಬೇರೆ ಹೇಳಬೇಕಿರಲಿಲ್ಲ.

ಎಲ್ಲ ಪ್ರಾಣಿಯೂ ವಾಯ್ ಅಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿರುವ ಪಾತ್ರೆಯಲ್ಲಿ, ಪಾತಾಳದ ಮುದಿ ದೇವರ ಪೀಠದ ಕೆಳಗೆ ಮೊಲವೊಂದು ಕುಳಿತು ಮಡಚುವ ಪುಸ್ತಕದಲ್ಲಿ ಕುಂಚದಿಂದ ಬರೆಯುತ್ತಿದೆ. ಪುಸ್ತಕದ ರಟ್ಟಿಗೂ ಜಾಗ್ವಾರ್ ಚರ್ಮ. ಇಷ್ಟು ಜೀವಂತವಾದ ಲಿಪಿಕಾರನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಕಟವಾಗುವುದೂ ಇಲ್ಲೇ. ಆಲ್ತಾರ್ ಪಾತ್ರೆಯ ಗೋರಿ ನಮಗೆ ಗೊತ್ತು. ಇಂಥ ಪಾತ್ರೆಗಳಲ್ಲಿ ಬಹುಪಾಲು ಕಳ್ಳಗುಂಡಿಗಳಿಂದ ಮಾರುಕಟ್ಟೆಗೆ ಬಂದವು. ಮೊಲದ ಪಾತ್ರೆ ಯಾರ ಪಕ್ಕದಲ್ಲಿತ್ತು, ಜೊತೆಗೆ ಇನ್ನೇನಿತ್ತು ಎಂಬುದನ್ನು ಯಾರೂ ಬರೆದಿಡಲಿಲ್ಲ.