ಅಂಕಿತ ಬರುವ ಮೊದಲೇ ಇದು ಯಾರ ಕೃತಿ ಎಂದು ಹೇಳುವುದು ಹೇಗೆ?

ಪ್ರಶ್ನೆ: ಕರ್ನಾಟಕ ಸಂಗೀತದ ಕಛೇರಿಯಲ್ಲಿ ಪಲ್ಲವಿ ಮುಗಿಯುವಷ್ಟರಲ್ಲೇ ಪಕ್ಕದವರು "ಇದು ದೀಕ್ಷಿತರದು" ಅಂದುಬಿಡುತ್ತಾರೆ. ನನಗೆ ತೆಲುಗೂ ಬಾರದು, ಸಂಸ್ಕೃತವೂ ಬಾರದು. ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳ ಕೃತಿಗಳನ್ನು ಬರೀ ಕಿವಿಯಿಂದ ಗುರುತಿಸಲು ಏನನ್ನು ಗಮನಿಸಬೇಕು?

ಉತ್ತರ: 'ತ್ಯಾಗರಾಜ', 'ಗುರುಗುಹ', 'ಶ್ಯಾಮಕೃಷ್ಣ' ಎಂಬ ಅಂಕಿತಗಳು ಕಿವಿಗೆ ಬಿದ್ದರೆ ಅನುಮಾನವೇ ಉಳಿಯದು. ಆದರೆ ಅವು ಸಾಮಾನ್ಯವಾಗಿ ಬರುವುದು ಚರಣದಲ್ಲಿ. ವೀಣೆ, ಕೊಳಲಿನ ಕಛೇರಿಯಲ್ಲಿ ಅದೂ ಇಲ್ಲ. ಆದ್ದರಿಂದ ಎರಡು ಕಡೆ ಕಿವಿಗೊಡಿ: ಪಲ್ಲವಿಯ ಸಾಲು ಹೇಗೆ ಬೆಳೆಯುತ್ತದೆ, ಚರಣ ಹೇಗೆ ಮುಗಿಯುತ್ತದೆ. ಇವೆರಡರಲ್ಲಿ ಚರಣದ ಕೊನೆಯೇ ಹೆಚ್ಚು ನಂಬಿಕೆಗೆ ಅರ್ಹ.

ತ್ಯಾಗರಾಜರ ಪಲ್ಲವಿ ಬೆಳೆಯುವುದು ಸಂಗತಿಗಳಲ್ಲಿ, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುತ್ತಾ ಹೋಗುವುದರಲ್ಲಿ. ಖರಹರಪ್ರಿಯ ರಾಗದ 'ಚಕ್ಕನಿ ರಾಜಮಾರ್ಗಮು' ಕೇಳಿ. ಮೊದಲ ಸಲ ಸಾಲು ಸರಳವಾಗಿ ಬರುತ್ತದೆ. ಮುಂದೆ ಮಾತು ಅದೇ ಇದ್ದು, ಪ್ರತಿ ಸುತ್ತಿನಲ್ಲೂ ಸಾಲಿನ ಒಂದು ಭಾಗ ಮಾತ್ರ ಬದಲಾಗುತ್ತಾ ಮೇಲಕ್ಕೆ ಹೋಗುತ್ತದೆ. ಚರಣದ ಉತ್ತರಾರ್ಧಕ್ಕೆ ಬಂದಾಗ ಅವರ ಅನೇಕ ಕೃತಿಗಳಲ್ಲಿ ಅನುಪಲ್ಲವಿಯ (ಪಲ್ಲವಿಯ ನಂತರದ ಭಾಗದ) ಧಾತುವೇ, ಅಂದರೆ ಸ್ವರಗಳ ಜೋಡಣೆಯೇ, ಹೊಸ ಸಾಹಿತ್ಯದೊಂದಿಗೆ ಮರಳುತ್ತದೆ. "ಈ ರಾಗಸಂಚಾರ ಈಗತಾನೇ ಕೇಳಿದ್ದೆನಲ್ಲ" ಅನ್ನಿಸಿದರೆ ನಿಮ್ಮ ಊಹೆ ಸರಿದಾರಿಯಲ್ಲಿದೆ. ತಾಳದ ಪೆಟ್ಟು ಬಿದ್ದ ಮೇಲೆ ಸ್ವಲ್ಪ ಜಾಗ ಬಿಟ್ಟು ಸಾಹಿತ್ಯ ಎತ್ತಿಕೊಳ್ಳುವುದೂ ಅವರಲ್ಲಿ ಬಹಳ. ಇನ್ನೊಂದು ಸುಳಿವು ರಾಗದಿಂದಲೇ ಸಿಗುತ್ತದೆ: ಖರಹರಪ್ರಿಯದಲ್ಲಿ ದೀಕ್ಷಿತರ ಕೃತಿ ಇಲ್ಲ. ಅವರು ಹಿಡಿದದ್ದು ರಾಗಗಳನ್ನು ಮೇಳಗಳೆಂಬ ಗುಂಪುಗಳಾಗಿ ವಿಂಗಡಿಸಿದ ವೆಂಕಟಮಖಿಯ ಪರಂಪರೆ. ಇಂದು ಖರಹರಪ್ರಿಯ ಇರುವ 22ನೇ ಮೇಳದ ಜಾಗ ಅಲ್ಲಿ ಶ್ರೀರಾಗದ್ದು.

ದೀಕ್ಷಿತರ ಕೃತಿಗಳದು ಹೆಚ್ಚಾಗಿ ವಿಳಂಬದ ನಡೆ. ಒಂದೊಂದು ಅಕ್ಷರದ ಮೇಲೂ ವೀಣೆಯ ತಂತಿ ಎಳೆದಂಥ ದೀರ್ಘ ಗಮಕ (ಸ್ವರದ ತೂಗಾಟ) ಇರುತ್ತದೆ. ಹೀಗೆ ಸಾಗುತ್ತಿದ್ದ ಹಾಡು ಕೊನೆಯಲ್ಲಿ ಇದ್ದಕ್ಕಿದ್ದಂತೆ ಚುರುಕಾಗುತ್ತದೆ. ತಾಳ ಹಾಗೇ ಇರುತ್ತದೆ, ಸಾಹಿತ್ಯ ಮಾತ್ರ ಇಮ್ಮಡಿ ವೇಗದಲ್ಲಿ ಓಡುತ್ತದೆ. ಇದೇ ಮಧ್ಯಮಕಾಲ ಸಾಹಿತ್ಯ. ಕೈಯಲ್ಲಿ ತಾಳ ಹಾಕುತ್ತಾ ಕೇಳಿದರೆ ತಪ್ಪುವ ಮಾತೇ ಇಲ್ಲ. ಹಂಸಧ್ವನಿಯ 'ವಾತಾಪಿ ಗಣಪತಿಂ' ಕೃತಿಯಲ್ಲಿ 'ಕರಾಂಬುಜ ಪಾಶ ಬೀಜಾಪೂರಂ' ಎಂಬಲ್ಲಿಂದ ಈ ಓಟ ಶುರು. 'ಗುರುಗುಹ' ಅಂಕಿತವೂ 'ಹಂಸಧ್ವನಿ' ಎಂಬ ರಾಗದ ಹೆಸರೂ ಆ ಓಟದೊಳಗೇ ಇವೆ. ಸಾಹಿತ್ಯದಲ್ಲೇ ರಾಗದ ಹೆಸರು ಹೆಣೆಯುವುದು ದೀಕ್ಷಿತರಿಗೆ ಬಲು ಪ್ರಿಯ. ಆದರೆ ಇದೇ ಕೃತಿ ಹೊಸಬರನ್ನು ದಾರಿ ತಪ್ಪಿಸುವುದೂ ಉಂಟು. ಇಂದು ಹಾಡುವ ಪಾಠದಲ್ಲಿ ಇದರ ಪಲ್ಲವಿಗೆ ಮುಂದಿನವರು ಸೇರಿಸಿದ ಸಂಗತಿಗಳು ಸಾಲುಸಾಲಾಗಿವೆ. ಸಂಗತಿಗಳನ್ನಷ್ಟೇ ಎಣಿಸಿದರೆ ತ್ಯಾಗರಾಜರದು ಅನ್ನಿಸಿಬಿಡುತ್ತದೆ. ಚರಣದ ಕೊನೆಯವರೆಗೆ ತಾಳ್ಮೆಯಿಂದಿರಿ ಎನ್ನುವುದು ಇದಕ್ಕೇ.

ಶ್ಯಾಮಾಶಾಸ್ತ್ರಿಗಳ ಕೃತಿಗಳು ಸಂಖ್ಯೆಯಲ್ಲಿ ಕಡಿಮೆ. ಅವರ ಲಯದ ಕಸುಬು ಮಾತ್ರ ಅಸಾಧಾರಣ. ಬೆರಳಲ್ಲಿ 'ತಕಿಟ ತಕಧಿಮಿ' ಎಂದು ಏಳು ಎಣಿಸಿ ನೋಡಿ. ಈ ಏಳೆಣಿಕೆಯ ಮಿಶ್ರಛಾಪು ತಾಳ ಕೂಡಿಬಂದು, ಸಾಹಿತ್ಯ ಅಮ್ಮನನ್ನು, ಅಂದರೆ ದೇವಿಯನ್ನು, ಅಂಗಲಾಚುತ್ತಿದ್ದರೆ ಮೊದಲು ಇವರನ್ನೇ ನೆನೆಯಿರಿ. ಕೆಲವೊಮ್ಮೆ ಅದನ್ನೇ ತಿರುವಿ ನಾಲ್ಕು-ಮೂರು ಮಾಡುತ್ತಾರೆ. ಅದು ವಿಲೋಮ ಛಾಪು. ಚರಣ ಮುಗಿದ ಮೇಲೆ ಸ್ವರಗುಚ್ಛವೊಂದು ಬಂದು, ಅದೇ ಧಾತುವಿಗೆ ಮಾತೂ ಕೂಡಿ ಬಂದರೆ ಅದು ಸ್ವರಸಾಹಿತ್ಯ. ಸ್ವರಜತಿ ಎಂದರೆ ಸ್ವರವೂ ಅದಕ್ಕೆ ಹೊಂದುವ ಸಾಹಿತ್ಯವೂ ಇರುವ ರಚನೆ. ಅವರ ಭೈರವಿ ರಾಗದ ಸ್ವರಜತಿಯ ಎಂಟು ಚರಣಗಳು ಒಂದೊಂದೂ ಮುಂದಿನ ಸ್ವರದಿಂದ ಎತ್ತಿಕೊಳ್ಳುತ್ತವೆ: ಷಡ್ಜದಲ್ಲಿ (ಸ) ಮೊದಲಾಗಿ ತಾರಷಡ್ಜದವರೆಗೆ (ಮೇಲಿನ ಸ). ಇಷ್ಟು ಬಿಗಿಯಾದ ಲೆಕ್ಕದಲ್ಲಿಯೂ ಇಷ್ಟೊಂದು ಆರ್ತಭಾವ ತುಂಬಿರುವ ರಚನೆ ಇನ್ನೊಂದು ಸಿಗುವುದು ಕಷ್ಟ.

ಭಾಷೆಯನ್ನು ಕೊನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಿ. ದೀಕ್ಷಿತರದು ಬಹುಪಾಲು ಸಂಸ್ಕೃತ, ಉಳಿದಿಬ್ಬರದು ಹೆಚ್ಚಾಗಿ ತೆಲುಗು. ಆದರೆ ತ್ಯಾಗರಾಜರ ಪಂಚರತ್ನಗಳೆಂದು ಹೆಸರಾದ ಐದು ಕೃತಿಗಳಲ್ಲಿ ಒಂದಾದ ನಾಟ ರಾಗದ 'ಜಗದಾನಂದಕಾರಕ' ಪೂರ್ತಿ ಸಂಸ್ಕೃತದಲ್ಲಿದೆ.

ನಮ್ಮ ಮೈಸೂರಿನವರ ಕೃತಿಗಳೂ ಈ ಲೆಕ್ಕವನ್ನು ತಪ್ಪಿಸುತ್ತವೆ. ಖಮಾಚ್ ರಾಗದ 'ಬ್ರೋಚೇವಾರೆವರುರಾ' ತೆಲುಗಿನಲ್ಲಿದೆ, ರಾಮನ ಮೇಲಿದೆ, ಸಂಗತಿಗಳೂ ಇವೆ. ಆದರೆ ಅದು ಮೈಸೂರು ವಾಸುದೇವಾಚಾರ್ಯರದು. ಅವರು ತ್ಯಾಗರಾಜರ ಶಿಷ್ಯಪರಂಪರೆಯ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿತವರಾದ್ದರಿಂದ ಹೋಲಿಕೆ ಸಹಜ. ಚರಣದಲ್ಲಿ 'ವಾಸುದೇವ' ಎಂಬ ಮಾತನ್ನು ಹಿಡಿಯಿರಿ. ಹಾಗೆಯೇ ಅಠಾಣದ 'ಶ್ರೀ ಮಹಾಗಣಪತಿಂ ಭಜೇಹಂ' ಸಂಸ್ಕೃತದಲ್ಲಿರುವ ಕಾರಣಕ್ಕೆ ದೀಕ್ಷಿತರದೆನಿಸಬಹುದು. ಅದು ಜಯಚಾಮರಾಜ ಒಡೆಯರ ರಚನೆ, ಅಂಕಿತ 'ಶ್ರೀವಿದ್ಯಾ'.

ಕಿವಿ ಪಳಗಿಸಲು ರಾಗವನ್ನು ಒಂದೇ ಇಟ್ಟುಕೊಳ್ಳಿ. ತೋಡಿಯಲ್ಲಿ ತ್ಯಾಗರಾಜರ 'ಕದ್ದನುವಾರಿಕಿ', ದೀಕ್ಷಿತರ 'ಕಮಲಾಂಬಿಕೇ', ಶ್ಯಾಮಾಶಾಸ್ತ್ರಿಗಳ 'ನಿನ್ನೇ ನಮ್ಮಿನಾನು' ಮೂರನ್ನೂ ಒಂದೇ ಸಲಕ್ಕೆ ಕೂತು, ತಾಳ ಹಾಕುತ್ತಾ ಕೇಳಿ. ಆಲಾಪನೆ, ಕಲ್ಪನಾಸ್ವರ ಬಿಟ್ಟು ಕೃತಿಯಷ್ಟನ್ನೇ ಕೇಳುವುದು ಮುಖ್ಯ. ಅವೆರಡೂ ಹಾಡುವವರ ಮನೋಧರ್ಮ, ಅಂದರೆ ಅವರೇ ಆ ಹೊತ್ತಿಗೆ ಕಲ್ಪಿಸಿ ಹಾಡುವುದು; ವಾಗ್ಗೇಯಕಾರರ (ಕೃತಿ ರಚಿಸಿದವರ) ಗುರುತು ಅಲ್ಲಿ ಸಿಗುವುದಿಲ್ಲ.