ಜೀವಶಾಸ್ತ್ರದ ಲ್ಯಾಬ್ ಪೇಪರ್: ಕಾಳು ಎಣಿಸಬೇಕಾ, ಡಿಶ್ ಎಣಿಸಬೇಕಾ?

ಕಾಸರಗೋಡಿನಲ್ಲಿ ಕನ್ನಡ ಮೀಡಿಯಂನಲ್ಲಿ ಓದಿ, ಈಗ ಡಿಗ್ರಿಯಲ್ಲಿ ಬಾಟನಿಯೋ ಜುವಾಲಜಿಯೋ ತೆಗೆದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲ್ಯಾಬ್ ರೆಕಾರ್ಡ್ ಬರೆದು ನಮಗೆಲ್ಲ ಅಭ್ಯಾಸ ಇದೆ. ಆದರೆ ರೆಕಾರ್ಡ್‌ನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಸಂಶೋಧನಾ ಪೇಪರ್‌ನಲ್ಲಿ ಹಾಗಲ್ಲ. ನಮ್ಮ ಉತ್ತರವನ್ನು ಓದುವವರು ಯಾಕೆ ನಂಬಬೇಕು ಅಂತ ತೋರಿಸಬೇಕು.

ಒಂದು ಪ್ರಯೋಗ ಇಟ್ಟುಕೊಳ್ಳೋಣ. ಉಪ್ಪು ನೀರಿನಲ್ಲಿ ಹೆಸರುಕಾಳು ಹೇಗೆ ಮೊಳೆಯುತ್ತದೆ? ನಮ್ಮ ಊರಿಗೆ ಹೊಂದುವ ಪ್ರಶ್ನೆ ಇದು. ಬಾವಿಕ್ಕೆರೆಯಲ್ಲಿ ರೆಗ್ಯುಲೇಟರ್ (ಉಪ್ಪು ನೀರು ತಡೆಯುವ ಅಣೆಕಟ್ಟು) ಆಗುವ ಮೊದಲು ಬೇಸಿಗೆ ಬಂದರೆ ಸಮುದ್ರದ ನೀರು ಚಂದ್ರಗಿರಿ ಹೊಳೆಯಲ್ಲಿ ಮೇಲಕ್ಕೆ ಹತ್ತಿ, ಪೇಟೆಯ ನಲ್ಲಿ ನೀರೇ ಉಪ್ಪಾಗುತ್ತಿತ್ತು. ಪೀಠಿಕೆಯ ಮೊದಲ ಪ್ಯಾರಾಕ್ಕೆ ಅಷ್ಟು ಸಾಕು. ಅಲ್ಲಿಂದ ನೇರ ಪ್ರಶ್ನೆಗೆ ಬನ್ನಿ. ಹೊಳೆಯ ಇತಿಹಾಸವೆಲ್ಲ ಬೇಡ.

ಪ್ರಯೋಗ ಹೀಗೆ: ಉಪ್ಪಿನ ಪ್ರಮಾಣ 0, 50, 100, 150 ಮಿಲಿಮೋಲಾರ್. ಒಂದೊಂದು ಪ್ರಮಾಣಕ್ಕೆ 5 ಪೆಟ್ರಿ ಡಿಶ್, ಒಂದೊಂದು ಡಿಶ್‌ನಲ್ಲಿ 20 ಕಾಳು. ಸೋಡಿಯಂ ಕ್ಲೋರೈಡ್‌ನ ಮೋಲಾರ್ ತೂಕ 58.44 ಗ್ರಾಂ, ಅಂದರೆ ಲೀಟರಿಗೆ ಅಷ್ಟಿದ್ದರೆ 1000 ಮಿಲಿಮೋಲಾರ್. ಹಾಗಾಗಿ 100 ಮಿಲಿಮೋಲಾರ್ ಬೇಕಿದ್ದರೆ ಲೀಟರಿಗೆ 5.84 ಗ್ರಾಂ. ಕಂಟ್ರೋಲ್‌ಗೆ, ಅಂದರೆ ಹೋಲಿಕೆಗೆ ಇಟ್ಟ ಉಪ್ಪಿಲ್ಲದ ಗುಂಪಿಗೆ, ಡಿಸ್ಟಿಲ್ಡ್ ವಾಟರ್ ಮಾತ್ರ. ಕರಾವಳಿಯ ಬಾವಿ ನೀರಿನಲ್ಲಿ ಸ್ವಲ್ಪ ಉಪ್ಪು ಇದ್ದೇ ಇರಬಹುದು.

ಎನ್ ಎಷ್ಟು?

ಇಲ್ಲೇ ನನ್ನ ತಲೆ ಜಾಸ್ತಿ ಬಿಸಿಯಾದದ್ದು. ಕಂಟ್ರೋಲ್‌ನಲ್ಲಿ 5 ಡಿಶ್, ಒಟ್ಟು 100 ಕಾಳು. ಎಲ್ಲದರ ಬೇರನ್ನೂ ಅಳೆದಿದ್ದೇವೆ. ಹಾಗಾದರೆ ಎನ್, ಅಂದರೆ ಲೆಕ್ಕಕ್ಕೆ ಬರುವ ಬೇರೆ ಬೇರೆ ಸಾಕ್ಷಿಗಳ ಸಂಖ್ಯೆ, 100 ಅಲ್ವಾ? ಅಲ್ಲ, 5.

ಯಾಕೆ? ಉಪ್ಪು ನೀರನ್ನು ನಾವು ಒಂದೊಂದು ಕಾಳಿಗೂ ಬೇರೆ ಬೇರೆಯಾಗಿ ಕೊಡಲಿಲ್ಲ, ಒಂದೊಂದು ಡಿಶ್‌ಗೆ ಕೊಟ್ಟೆವು. ಒಂದೇ ಡಿಶ್‌ನ ಇಪ್ಪತ್ತೂ ಕಾಳುಗಳಿಗೆ ಅದೇ ನೀರು, ಅಡಿಯಲ್ಲಿ ಅದೇ ಫಿಲ್ಟರ್ ಪೇಪರ್, ಅದೇ ಜಾಗ. ಡಿಶ್ ಕಿಟಕಿ ಪಕ್ಕ ಇದ್ದರೆ ಇಪ್ಪತ್ತಕ್ಕೂ ಬಿಸಿಲು. ಮಳೆಗಾಲದಲ್ಲಿ ಒಂದು ಕಾಳಿಗೆ ಬೂಸ್ಟು ಬಂದರೆ ಪಕ್ಕದ್ದಕ್ಕೂ ಹರಡುತ್ತದೆ. ಆ ಇಪ್ಪತ್ತು ಅಳತೆಗಳು ಇಪ್ಪತ್ತು ಬೇರೆ ಬೇರೆ ಸಾಕ್ಷಿಗಳಾಗುವುದಿಲ್ಲ. ಒಂದೇ ತೆಂಗಿನ ಮರಕ್ಕೆ ಹೊಸ ಗೊಬ್ಬರ ಹಾಕಿ, ಅದರ ಐವತ್ತು ಕಾಯಿ ತೂಗಿ, ಗೊಬ್ಬರ ಒಳ್ಳೆಯದು ಅಂತ ಐವತ್ತು ಸಾಕ್ಷಿ ಸಿಕ್ಕಿತು ಎಂದರೆ ನಮ್ಮ ಊರಿನ ಯಾವ ಕೃಷಿಕರೂ ಒಪ್ಪಲಾರರು. ಮರ ಒಂದೇ. ಇಲ್ಲಿ ಡಿಶ್ಶೇ ಮರ.

ಲೆಕ್ಕ ಮಾಡಿ ನೋಡಿದರೆ ಇನ್ನೂ ಸ್ಪಷ್ಟ. ಕಂಟ್ರೋಲ್‌ನ ಒಂದೊಂದು ಡಿಶ್‌ನ ಸರಾಸರಿ ಬೇರಿನ ಉದ್ದ 41, 38, 44, 40, 42 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು ಸರಾಸರಿ 41. ಒಂದೊಂದು ಡಿಶ್‌ನ ವ್ಯತ್ಯಾಸ 0, 3, 3, 1, 1. ಅವುಗಳ ವರ್ಗ ಕೂಡಿದರೆ 20. ಎನ್ ಮೈನಸ್ ಒಂದು, ಅಂದರೆ 4ರಿಂದ ಭಾಗಿಸಿದರೆ 5. ಅದರ ವರ್ಗಮೂಲ 2.24, ಇದು ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಲೆಕ್ಕ. ಅದನ್ನು 5ರ ವರ್ಗಮೂಲದಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ (ಸರಾಸರಿಯೇ ಎಷ್ಟು ಆಚೀಚೆ ಇರಬಹುದು ಎಂಬುದು) ಸರಿಯಾಗಿ 1.

ಈಗ ಡಿಶ್ ಮರೆತು ಕಾಳನ್ನೇ ಹಿಡಿಯೋಣ. ಕಾಳಿಂದ ಕಾಳಿಗೆ ವ್ಯತ್ಯಾಸ ಜಾಸ್ತಿ. ಡೀವಿಯೇಶನ್ 6 ಎಂದಿಟ್ಟುಕೊಳ್ಳಿ. 100ರ ವರ್ಗಮೂಲ 10, ಆದ್ದರಿಂದ ಎರರ್ 0.6. ಗ್ರಾಫಿನಲ್ಲಿ ಅದನ್ನು ತೋರಿಸುವ ಗೆರೆ, ಎರರ್ ಬಾರ್, ಸುಮ್ನೆ ಕುಗ್ಗಿಬಿಟ್ಟಿತು! ಎರಡು ಗುಂಪು ಹೋಲಿಸುವ ಟಿ ಟೆಸ್ಟ್‌ನಲ್ಲಿ ಡಿಗ್ರೀಸ್ ಆಫ್ ಫ್ರೀಡಂ (ಎರಡೂ ಗುಂಪಿನ ಎನ್ ಕೂಡಿ 2 ಕಳೆದದ್ದು) 8 ಇರಬೇಕಾದಲ್ಲಿ 198 ಆಗುತ್ತದೆ. ಇಲ್ಲದ ವ್ಯತ್ಯಾಸವೂ ಇದೆ ಎಂದು ಕಾಣುವ ಅಪಾಯ ಹೆಚ್ಚುತ್ತದೆ.

ಇನ್ನೊಂದು ಪರೀಕ್ಷೆ ಇದೆ, ನನಗೆ ತುಂಬ ಇಷ್ಟವಾದದ್ದು. ಡಿಶ್‌ನ ಪ್ರಭಾವ ಏನೂ ಇಲ್ಲದಿದ್ದರೆ, 20 ಕಾಳಿನ ಸರಾಸರಿಗಳು ಒಂದಕ್ಕೊಂದು ಸುಮಾರು 6 ಭಾಗಿಸು 20ರ ವರ್ಗಮೂಲ, ಅಂದರೆ 1.3ರಷ್ಟು ಮಾತ್ರ ಆಚೀಚೆ ಆಗಬೇಕು. ನಮಗೆ ಸಿಕ್ಕಿದ್ದು 2.24. ಡಿಶ್ ಐದೇ ಆದ್ದರಿಂದ ಇದು ಗಟ್ಟಿ ಸಾಕ್ಷಿಯಲ್ಲ. ಆದರೂ ಡಿಶ್‌ನಿಂದ ಡಿಶ್‌ಗೆ ಏನೋ ಬೇರೆ ಇರಬಹುದು ಎನ್ನುವ ಗುಮಾನಿ ಬರುತ್ತದೆ. ಅದಕ್ಕೇ ಡಿಶ್‌ಗಳನ್ನು ಚೀಟಿ ಎತ್ತಿ ಟ್ರೇಯಲ್ಲಿ ಕಲಸಿ ಇಡಬೇಕು. ಉಪ್ಪಿನವೆಲ್ಲ ಒಂದು ಕಡೆ, ಕಂಟ್ರೋಲ್ ಎಲ್ಲ ಇನ್ನೊಂದು ಕಡೆ ಇಟ್ಟರೆ, ನೋಡಿದ್ದು ಉಪ್ಪಿನ ಪರಿಣಾಮವೋ ಕಿಟಕಿಯದ್ದೋ ಹೇಳಲಾಗುವುದಿಲ್ಲ.

ಡಿಶ್ ಬಿಟ್ಟು ಕಾಳನ್ನೇ ಎನ್ ಎಂದು ಎಣಿಸುವ ತಪ್ಪಿಗೆ ಸ್ಯೂಡೋರೆಪ್ಲಿಕೇಶನ್ ಎನ್ನುತ್ತಾರೆ. ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಪರಿಸರ ವಿಜ್ಞಾನದ ಪ್ರಯೋಗಗಳ ಬಗ್ಗೆ ಬರೆದ ಲೇಖನದಿಂದ ಈ ಹೆಸರು ಎಲ್ಲೆಡೆ ಬಳಕೆಗೆ ಬಂತು. ಹಾಗಾದರೆ 20 ಕಾಳು ಯಾಕೆ ಹಾಕುವುದು? ಡಿಶ್‌ನ ಸರಾಸರಿ ನಂಬುವಂತಿರಲಿ ಅಂತ. ಆದರೆ ಸಮಯ ಕಡಿಮೆ ಇದ್ದರೆ ಕಾಳು ಕಡಿಮೆ ಮಾಡಿ, ಡಿಶ್ ಹೆಚ್ಚು ಮಾಡಿ.

ಬರೆಯುವ ಕ್ರಮ

ಮೊದಲು ಗ್ರಾಫ್ ಮತ್ತು ಟೇಬಲ್. ಆಮೇಲೆ ವಿಧಾನ, ಫಲಿತಾಂಶ, ಚರ್ಚೆ. ಪೀಠಿಕೆ ಆಮೇಲೆ. ಸಾರಾಂಶ ಕೊನೆಗೆ.

ವಿಧಾನದಲ್ಲಿ ಇನ್ನೊಬ್ಬರು ಅದೇ ಪ್ರಯೋಗ ಮಾಡಲು ಬೇಕಾದದ್ದೆಲ್ಲ ಇರಲಿ: ಎಷ್ಟು ಮಿಲಿಲೀಟರ್, ಎಷ್ಟು ಗಂಟೆ, ಎಷ್ಟು ಉಷ್ಣತೆ. ಮೊಳಕೆ ಎಂದರೆ ಯಾವಾಗ ಅಂತ ಹೇಳಿ. ಬೇರು 2 ಮಿಲಿಮೀಟರ್ ಹೊರಬಂದಾಗ ಎಂದರೆ ಸಾಕು. ಒಂದು ವಾಕ್ಯ ಖಂಡಿತ ಇರಬೇಕು: ಲೆಕ್ಕದ ಘಟಕ ಡಿಶ್, ಪ್ರತಿ ಪ್ರಮಾಣಕ್ಕೆ ಎನ್ 5. ಗ್ರಾಫಿನ ಕೆಳಗೂ ಅದೇ ಬರೆಯಿರಿ. ಎರರ್ ಬಾರ್ ಡೀವಿಯೇಶನ್ನೋ ಎರರ್ರೋ ಅಂತಲೂ ಹೇಳಿ. ಹೇಳದಿದ್ದರೆ ಆ ಬಾರ್‌ಗೆ ಅರ್ಥವೇ ಇಲ್ಲ.

ಫಲಿತಾಂಶದಲ್ಲಿ ಕಂಡದ್ದು ಮಾತ್ರ. 'ಉಪ್ಪು ಹೆಚ್ಚಿದಂತೆ ಬೇರು ಗಿಡ್ಡವಾಯಿತು' ಎನ್ನುವುದು ಇಲ್ಲಿಗೆ. 'ಉಪ್ಪಿನಿಂದಾಗಿ ಕಾಳಿಗೆ ನೀರು ಹೀರಲು ಕಷ್ಟವಾಯಿತು' ಎನ್ನುವುದು ಚರ್ಚೆಗೆ.

ಚರ್ಚೆಯಲ್ಲಿ ಒಂದು ಎಚ್ಚರ ಬೇಕು. ಉಪ್ಪು ಎರಡು ರೀತಿ ತೊಂದರೆ ಕೊಡುತ್ತದೆ. ಒಂದು, ಆಸ್ಮೋಸಿಸ್‌ನ ಕಾರಣ ನೀರು ಒಳಗೆ ಹೋಗುವುದು ಕಷ್ಟವಾಗುತ್ತದೆ. ಎರಡು, ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಒಳಗೆ ಸೇರಿ ಜೀವಕೋಶಕ್ಕೆ ವಿಷವಾಗುತ್ತವೆ. ನಮ್ಮ ಪ್ರಯೋಗ ಇವೆರಡನ್ನು ಬೇರ್ಪಡಿಸುವುದಿಲ್ಲ. ಬೇರ್ಪಡಿಸಬೇಕಿದ್ದರೆ ಅಷ್ಟೇ ಆಸ್ಮೋಟಿಕ್ ಒತ್ತಡ ಇರುವ ಮ್ಯಾನಿಟಾಲ್ (ಅಯಾನುಗಳಾಗಿ ಒಡೆಯದ, ಸಕ್ಕರೆಯಂಥ ವಸ್ತು) ದ್ರಾವಣದಲ್ಲೂ ಕಾಳು ಹಾಕಿ ನೋಡಬೇಕು. ಇದನ್ನು ಧೈರ್ಯವಾಗಿ ಬರೆಯಿರಿ, ಪೇಪರ್ ಅದರಿಂದ ಸಣ್ಣದಾಗುವುದಿಲ್ಲ. ಡಿಶ್‌ನಲ್ಲಿ ಕಂಡದ್ದನ್ನು ಚಂದ್ರಗಿರಿ ದಡದ ಗದ್ದೆಗೆ ನೇರ ಒಯ್ಯಬೇಡಿ. ಅಲ್ಲಿ ಮಣ್ಣಿದೆ, ಮಳೆ ಬಂದು ಉಪ್ಪು ತೊಳೆದು ಹೋಗುತ್ತದೆ.

ಶೀರ್ಷಿಕೆಯಲ್ಲಿ ಮೂರು ವಿಷಯ ಬರಲಿ: ಏನು ಬದಲಿಸಿದೆವು, ಏನು ಅಳೆದೆವು, ಯಾವ ಜೀವಿ. ವೈಜ್ಞಾನಿಕ ಹೆಸರು ವಿಗ್ನಾ ರೇಡಿಯೇಟಾ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಪದಕ್ಕೆ ಮಾತ್ರ ದೊಡ್ಡ ಅಕ್ಷರ, ಎರಡೂ ಪದ ಇಟಾಲಿಕ್ಸ್‌ನಲ್ಲಿ. ಕೈಯಲ್ಲಿ ಬರೆದರೆ ಎರಡಕ್ಕೂ ಬೇರೆ ಬೇರೆ ಅಡಿಗೆರೆ.